ಮೆಗಾ ಡ್ರೈವ್ 2 ಮತ್ತು ಹೊಸ ಟೀವಿ: ಕೇಬಲ್ ಮೊದಲು, ಬೆಸುಗೆ ಆಮೇಲೆ

ಮೇಜಿನ ಮೇಲಿರುವುದು ಪಾಲ್ (50 ಹರ್ಟ್ಜ್ ಟೀವಿ ಪದ್ಧತಿ) ಆವೃತ್ತಿಯ ಸೆಗಾ ಮೆಗಾ ಡ್ರೈವ್ 2 ಗೇಮ್ ಕನ್ಸೋಲ್. ಎದುರಿಗೆ 43 ಇಂಚಿನ 4ಕೆ ಟೀವಿ. ಹಳದಿ ಕಂಪೋಸಿಟ್ ತಂತಿ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ. ಆದರೆ ಕೆಂಪು ಅಕ್ಷರಗಳ ಅಂಚು ಹರಡಿಕೊಂಡಿದೆ, ಪರದೆ ಓಡುವಾಗ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಬಿಟ್ಟುಕೊಳ್ಳುತ್ತವೆ, ಗುಂಡಿ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸೋನಿಕ್ ಜಿಗಿಯುತ್ತಾನೆ. ಇದನ್ನು ನೋಡಿದವರೆಲ್ಲ ಮೊದಲು ಹುಡುಕುವುದು ಒಳಗೆ ಕೂರಿಸುವ ಎಚ್‌ಡಿಎಂಐ ಬೋರ್ಡ್. ಮೆಗಾ ಡ್ರೈವ್ ಮಟ್ಟಿಗೆ ಅದು ಮೊದಲ ಹೆಜ್ಜೆಯಲ್ಲ, ಕೊನೆಯದು.

ಚಿತ್ರ ಹಾಳಾಗುತ್ತಿರುವುದು ಎಲ್ಲಿ ಎಂದು ಮೊದಲು ಗುರುತಿಸಬೇಕು. ಆಟದ ಚಿತ್ರವನ್ನು ವಿಡಿಪಿ ಚಿಪ್ ಕೆಂಪು, ಹಸಿರು, ನೀಲಿ ಎಂದು ಮೂರು ಪ್ರತ್ಯೇಕ ಸಿಗ್ನಲ್‌ಗಳಾಗಿ ಕೊಡುತ್ತದೆ. ಅದು ಎನ್‌ಕೋಡರ್ ಚಿಪ್‌ಗೆ ಹೋಗುತ್ತದೆ. ಎನ್‌ಕೋಡರ್ ಮೂರನ್ನೂ ಬಲಪಡಿಸಿ ಹಾಗೆಯೇ ಹೊರಗೆ ಬಿಡುತ್ತದೆ, ಜೊತೆಗೆ ಎಲ್ಲವನ್ನೂ ಒಂದೇ ತಂತಿಗೆ ತುರುಕಿ ಕಂಪೋಸಿಟ್ ಕೂಡ ಮಾಡುತ್ತದೆ. ಕಂಪೋಸಿಟ್‌ನಲ್ಲಿ ಕಾಣುವ ಕಾಮನಬಿಲ್ಲಿನ ಪಟ್ಟೆ ಹುಟ್ಟುವುದು ಈ ತುರುಕುವಿಕೆಯಲ್ಲೇ. ಪಾಲ್ ಯಂತ್ರದ ಮುಖ್ಯ ಗಡಿಯಾರ 53.203424 ಮೆಗಾಹರ್ಟ್ಜ್. ಅದನ್ನು 12ರಿಂದ ಭಾಗಿಸಿದರೆ ಬಣ್ಣದ ವಾಹಕ (ಬಣ್ಣದ ಮಾಹಿತಿ ಹೊತ್ತೊಯ್ಯುವ ಅಲೆ) 4.43 ಮೆಗಾಹರ್ಟ್ಜ್, 8ರಿಂದ ಭಾಗಿಸಿದರೆ 320 ಪಿಕ್ಸೆಲ್ ಅಗಲದ ಚಿತ್ರದ ಪಿಕ್ಸೆಲ್ ವೇಗ 6.65 ಮೆಗಾಹರ್ಟ್ಜ್. ಎರಡರ ಅನುಪಾತ ಕರಾರುವಾಕ್ಕಾಗಿ ಒಂದೂವರೆ. ಅನುಪಾತ ಇಷ್ಟು ಸರಳವಾದ್ದರಿಂದ ಟೀವಿ ಬಣ್ಣವೆಂದು ತಪ್ಪಾಗಿ ಓದುವ ಅಂಚುಗಳೆಲ್ಲ ಪರದೆಯ ಮೇಲೆ ಅಲುಗಾಡದೆ ಪಟ್ಟೆಯಾಗಿ ನಿಂತುಬಿಡುತ್ತವೆ. ಎಷ್ಟೇ ದುಬಾರಿ ಕಂಪೋಸಿಟ್ ಕೇಬಲ್ ತಂದರೂ ಅವು ಹೋಗುವುದಿಲ್ಲ.

ಎರಡನೆಯ ಪೆಟ್ಟು ಟೀವಿಯದು. ಈ ಕನ್ಸೋಲ್ ಕಳಿಸುವುದು 240ಪಿ (50 ಹರ್ಟ್ಜ್‌ನಲ್ಲಿ 288ಪಿ, ಎರಡನ್ನೂ ಇಲ್ಲಿ 240ಪಿ ಎಂದೇ ಕರೆಯೋಣ), ಅಂದರೆ ಪ್ರತಿ ಸಲವೂ ಪೂರ್ತಿ ಚಿತ್ರ. ಹೆಚ್ಚಿನ ಹೊಸ ಟೀವಿಗಳು, ಅಗ್ಗದ ಎವಿ–ಎಚ್‌ಡಿಎಂಐ ಡಬ್ಬಿಗಳು ಇದನ್ನು 480ಐ ಅಥವಾ 576ಐ (ಒಂದು ಸಲ ಬೆಸ, ಒಂದು ಸಲ ಸರಿ ಗೆರೆ ಕಳಿಸುವ ಇಂಟರ್‌ಲೇಸ್ ಚಿತ್ರ) ಎಂದು ತಪ್ಪು ತಿಳಿದು ಎರಡೆರಡು ಚಿತ್ರಗಳನ್ನು ಹೆಣೆಯಲು ಹೋಗುತ್ತವೆ. ಬಾಚಣಿಗೆ ಹಲ್ಲು, ಮಿನುಗು, ತಡ ಎಲ್ಲ ಬರುವುದು ಅಲ್ಲಿಂದ. ಆ ಡಬ್ಬಿಗಳಲ್ಲಿ ಹಲವು 50 ಹರ್ಟ್ಜ್ ಚಿತ್ರವನ್ನು 60ಕ್ಕೆ ಹಿಗ್ಗಿಸಿ ಓಟವನ್ನೂ ಕುಂಟಿಸುತ್ತವೆ. ಹಾಗಾಗಿ ನಮಗೆ ಬೇಕಾದ್ದು ಎರಡು: ಎನ್‌ಕೋಡರ್‌ನಿಂದ ಶುದ್ಧ ಆರ್‌ಜಿಬಿ (ಆ ಮೂರು ಬಣ್ಣದ ಸಿಗ್ನಲ್‌ಗಳು), ಮತ್ತು 240ಪಿಯನ್ನು 240ಪಿ ಎಂದೇ ಓದಿ ಹೊಸ ಟೀವಿಗೆ ತಕ್ಕಂತೆ ಹಿಗ್ಗಿಸುವ ಸ್ಕೇಲರ್. ಮೊದಲನೆಯದು ಕನ್ಸೋಲಿನ ಹಿಂಬದಿಯ 9 ಪಿನ್ ಮಿನಿ ಡಿನ್ ಕಿಂಡಿಯಲ್ಲಿ ಕಾರ್ಖಾನೆಯಿಂದಲೇ ಇದೆ. ಎಸ್-ವಿಡಿಯೋ ಮಾಡ್ ಮಾಡಲು ಮೆಗಾ ಡ್ರೈವ್ ಬಿಚ್ಚುವವರನ್ನು ಕಂಡರೆ ಆಶ್ಚರ್ಯವಾಗುವುದು ಇದಕ್ಕೇ. ಹಿಂದೆ ಹೆಬ್ಬಾಗಿಲೇ ತೆರೆದಿರುವಾಗ ಗೋಡೆ ಕೊರೆಯುವ ಕೆಲಸ ಅದು.

ಕೇಬಲ್

ಬೇಕಾದ ಸಾಮಾನು: 9 ಪಿನ್ ಗಂಡು ಮಿನಿ ಡಿನ್ ಪ್ಲಗ್ 1, ಸ್ಕಾರ್ಟ್ (ಯುರೋಪಿನ ಟೀವಿಗಳ 21 ಪಿನ್ ಕಿಂಡಿ) ಪ್ಲಗ್ 1, ಪ್ರತಿ ಎಳೆಗೂ ಪ್ರತ್ಯೇಕ ಜಾಲರಿ ಹೊದಿಕೆ ಇರುವ 75 ಓಮ್ ಸಣ್ಣ ಕೊಯಾಕ್ಸ್ ಕೇಬಲ್ ಒಂದೂವರೆ ಮೀಟರ್, 220 ಮೈಕ್ರೋಫ್ಯಾರಡ್ 10 ವೋಲ್ಟ್ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ 3, ಕಾಲು ವ್ಯಾಟ್‌ನ 470 ಓಮ್ ರೆಸಿಸ್ಟರ್ 1, 180 ಓಮ್ 1. ರೆಸಿಸ್ಟರ್, ಕೆಪ್ಯಾಸಿಟರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ. ಸ್ಕಾರ್ಟ್ ನಮ್ಮ ಟೀವಿಗಳಲ್ಲಿ ಬಳಕೆಗೆ ಬಂದದ್ದಲ್ಲ, ಆ ಪ್ಲಗ್ ಮತ್ತು 9 ಪಿನ್ ಡಿನ್ ಪ್ಲಗ್ ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ.

ಮೆಗಾ ಡ್ರೈವ್ 2ರ ಕಿಂಡಿಯ ಹಂಚಿಕೆ ಹೀಗಿದೆ: 1 ನೀಲಿ, 2 ಐದು ವೋಲ್ಟ್, 3 ಹಸಿರು, 4 ಕಂಪೋಸಿಟ್, 5 ಸಿಂಕ್ (ಗೆರೆ, ಚಿತ್ರ ಎಲ್ಲಿ ಶುರುವೆಂದು ಹೇಳುವ ಸಿಗ್ನಲ್), 6 ಮೊನೊ ಧ್ವನಿ, 7 ಕೆಂಪು, 8 ಎಡ ಧ್ವನಿ, 9 ಬಲ ಧ್ವನಿ. ಗ್ರೌಂಡ್ ಹೊರಕವಚದಲ್ಲಿ. ಪ್ಲಗ್ಗಿನ ಸೋಲ್ಡರ್ ಬದಿಯಿಂದ ನೋಡಿದರೆ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತವೆ. ಚಿತ್ರ ನೋಡಿ ಊಹಿಸುವ ಬದಲು, ಕನ್ಸೋಲ್ ಚಾಲೂ ಮಾಡಿ ಮಲ್ಟಿಮೀಟರಿನಲ್ಲಿ ಸ್ಥಿರವಾಗಿ 5 ವೋಲ್ಟ್ ತೋರಿಸುವ ಪಿನ್ ಹುಡುಕಿ. ಅದು 2. ಉಳಿದವನ್ನು ಅಲ್ಲಿಂದ ಎಣಿಸಿ, ಪ್ಲಗ್ ಸಿಕ್ಕಿಸಿ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ.

ಕೆಂಪು, ಹಸಿರು, ನೀಲಿ ಮೂರಕ್ಕೂ ಸರಣಿಯಲ್ಲಿ ಒಂದೊಂದು 220 ಮೈಕ್ರೋಫ್ಯಾರಡ್ ಹಾಕಬೇಕು, ಪ್ಲಸ್ ಕಾಲು ಕನ್ಸೋಲಿನ ಕಡೆಗೆ. ಎನ್‌ಕೋಡರ್ ಹೊರಬಿಡುವ ಸಿಗ್ನಲ್‌ನಲ್ಲಿ ಡಿಸಿ ವೋಲ್ಟೇಜ್ ಸೇರಿದೆ, ಬೇರೆ ಕೆಲವು ಕನ್ಸೋಲುಗಳಂತೆ ಅದನ್ನು ತಡೆಯುವ ಕೆಪ್ಯಾಸಿಟರ್ ಬೋರ್ಡಿನಲ್ಲಿಲ್ಲ. 220 ಏಕೆ, 10 ಏಕಾಗದು? ಮೂಲದ 75 ಓಮ್, ತುದಿಯ 75 ಓಮ್ ಸೇರಿ 150. ಅದರ ಜೊತೆ 220 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 5 ಹರ್ಟ್ಜ್‌ಗಿಂತ ಕೆಳಗಿನದಷ್ಟೇ ಕಡಿತವಾಗುತ್ತದೆ. 10 ಹಾಕಿದರೆ ಆ ಗಡಿ 106 ಹರ್ಟ್ಜ್‌ಗೆ ಏರುತ್ತದೆ. ಚಿತ್ರ ಬರುವುದೇ ಸೆಕೆಂಡಿಗೆ 50 ಸಲ, ಹಾಗಾಗಿ ಮೇಲೆ ಬೆಳ್ಳಗೆ, ಕೆಳಗೆ ಮಂಕಾಗಿ ಇಳಿಜಾರು ಬಿದ್ದ ಚಿತ್ರ ಕಾಣುತ್ತದೆ. ಡ್ರಾಯರಿನಲ್ಲಿ ಸಿಕ್ಕಿದ್ದು ಹಾಕಿದ ಕೇಬಲ್‌ಗಳ ಗುರುತು ಇದೇ.

ಸರಣಿಯ 75 ಓಮ್ ಬೋರ್ಡಿನಲ್ಲೇ ಇದೆಯೇ ಎಂದು ನೋಡಿಕೊಳ್ಳಿ. ಕನ್ಸೋಲ್ ಆರಿಸಿ, ಎನ್‌ಕೋಡರ್ ಸೋನಿ ಸಿಎಕ್ಸ್‌ಎ1645 ಆಗಿದ್ದರೆ ಅದರ 23ನೇ ಪಿನ್ನಿನಿಂದ ಕಿಂಡಿಯ 7ನೇ ಪಿನ್ನಿಗೆ ಅಳೆಯಿರಿ. ಕೆಂಪು ಅದು. ಹಸಿರು 22, ನೀಲಿ 21. ಸುಮಾರು 75 ಬಂದರೆ ಕೇಬಲ್‌ನಲ್ಲಿ ಮತ್ತೆ ಹಾಕಬೇಡಿ, ಹಾಕಿದರೆ ಚಿತ್ರ ಮಂಕಾಗುತ್ತದೆ.

ಸಿಂಕ್ ತಂತಿ ಇಡೀ ಕೇಬಲ್‌ನ ಅಪಾಯದ ಜಾಗ. 5ನೇ ಪಿನ್ನಿನ ಸಿಂಕ್ 5 ವೋಲ್ಟ್ ಎತ್ತರದ ಲಾಜಿಕ್ ಸಿಗ್ನಲ್. ವಿಡಿಯೋ ಉಪಕರಣಗಳು 75 ಓಮ್ ಮೇಲೆ ಒಂದು ವೋಲ್ಟ್‌ಗಿಂತ ಕಡಿಮೆ ನಿರೀಕ್ಷಿಸುತ್ತವೆ. ನೇರ ಕೊಟ್ಟರೆ ಮೊದಲ ದಿನ ಏನೂ ಆಗದಿರಬಹುದು, ಆದರೆ ಸ್ಕೇಲರಿನ ಒಳಬರುವ ಚಿಪ್ಪನ್ನು ಒತ್ತಡಕ್ಕೆ ದೂಡುತ್ತಿದ್ದೀರಿ. 470 ಓಮ್ ಸರಣಿಯಲ್ಲಿ ಹಾಕಿದರೆ ಲೆಕ್ಕ ಸರಳ: 5 ವೋಲ್ಟ್‌ನ 545ರಲ್ಲಿ 75 ಪಾಲು, 0.69 ವೋಲ್ಟ್. 4ನೇ ಪಿನ್ನಿನ ಕಂಪೋಸಿಟನ್ನೇ ಸಿಂಕ್ ಆಗಿ ಬಳಸಿದ ರೆಡಿಮೇಡ್ ಕೇಬಲ್‌ಗಳೂ ಇವೆ. ಅವು ಓಡುತ್ತವೆ, ಆದರೆ ಬಣ್ಣದ ವಾಹಕ ಪಕ್ಕದ ತಂತಿಗಳಿಗೆ ಸೋರಿ ಬರಿ ನೀಲಿ ಆಕಾಶದಲ್ಲಿ ಸಣ್ಣ ಚೌಕುಳಿ ಮಿನುಗುತ್ತದೆ.

ಸ್ಕಾರ್ಟ್ ತುದಿ: ಕೆಂಪು 15ಕ್ಕೆ, ಹಸಿರು 11ಕ್ಕೆ, ನೀಲಿ 7ಕ್ಕೆ, ಇವುಗಳ ಜಾಲರಿ ಅನುಕ್ರಮವಾಗಿ 13, 9, 5ಕ್ಕೆ. ಸಿಂಕ್ 20ಕ್ಕೆ, ಅದರ ಜಾಲರಿ 17ಕ್ಕೆ. ಎಡ ಧ್ವನಿ 6, ಬಲ ಧ್ವನಿ 2, ಧ್ವನಿಯ ಗ್ರೌಂಡ್ 4. ಸ್ಕಾರ್ಟ್ ಇರುವ ಹಳೆಯ ಯುರೋಪಿನ ಟೀವಿಗೂ ಬೇಕೆಂದರೆ 5 ವೋಲ್ಟ್ ತಂತಿಯನ್ನು 180 ಓಮ್ ಮೂಲಕ 16ಕ್ಕೆ ಕೊಡಿ, ಅಲ್ಲಿ ಸುಮಾರು 1.5 ವೋಲ್ಟ್ ನಿಂತು ಟೀವಿ ಆರ್‌ಜಿಬಿಗೆ ಹೊರಳುತ್ತದೆ. ಸ್ಕೇಲರಿಗೆ ಮಾತ್ರ ಎಂದಾದರೆ ಈ ತಂತಿಯೇ ಬೇಡ. ಜಪಾನಿನ 21 ಪಿನ್ ಆರ್‌ಜಿಬಿ ಪ್ಲಗ್ ನೋಡಲು ಥೇಟ್ ಸ್ಕಾರ್ಟ್, ಹಂಚಿಕೆ ಬೇರೆ. ಕೊಂಡ ಕೇಬಲ್ ಯಾವುದೆಂದು ಗೊತ್ತಿಲ್ಲದಿದ್ದರೆ ಬಿಚ್ಚಿ ನೋಡದೆ ಸಿಕ್ಕಿಸಬೇಡಿ.

ಕೆಪ್ಯಾಸಿಟರುಗಳನ್ನು ಸ್ಕಾರ್ಟ್ ಪ್ಲಗ್ಗಿನ ಒಳಗೇ ಕೂರಿಸಿ, ಜಾಗ ಅಲ್ಲಿದೆ. ಪ್ರತಿ ಕಾಲಿಗೂ ಶ್ರಿಂಕ್ ಕೊಳವೆ ತೊಡಿಸಿ. ಎಲ್ಲ ಜಾಲರಿಗಳನ್ನೂ ಒಟ್ಟಿಗೆ ಹೊಸೆದು ಒಂದೇ ಕಾಲಿಗೆ ಬೆಸೆಯುವ ಸೋಮಾರಿತನ ಮಾಡಿದರೆ ಬಿಳಿ ಪರದೆ ಬಂದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಸ್ಕೇಲರ್ ಆಯ್ಕೆ

ಓಎಸ್‌ಎಸ್‌ಸಿ (ಓಪನ್ ಸೋರ್ಸ್ ಸ್ಕ್ಯಾನ್ ಕನ್ವರ್ಟರ್) ಫ್ರೇಮ್ ಸಂಗ್ರಹಿಸುವುದಿಲ್ಲ, ಬಂದ ಗೆರೆಯನ್ನು ಎರಡರಿಂದ ಐದು ಸಲ ಪುನರಾವರ್ತಿಸಿ ತಕ್ಷಣ ಕಳಿಸುತ್ತದೆ. ತಡ ಇಲ್ಲವೆಂದೇ ಹೇಳಬಹುದು. ಇದರ ಇನ್ನೊಂದು ಮುಖವೂ ಇದೆ: ಕನ್ಸೋಲಿನ ವಿಚಿತ್ರ ವೇಗ ಹಾಗೇ ಟೀವಿಗೆ ಹೋಗುತ್ತದೆ, ಟೀವಿ ಒಪ್ಪಬೇಕು. 2 ಪಟ್ಟನ್ನು ಹೆಚ್ಚುಕಡಿಮೆ ಎಲ್ಲ ಟೀವಿ ಒಪ್ಪುತ್ತವೆ. 3 ಪಟ್ಟು 720 ಗೆರೆ, ಅದೂ ಸಾಮಾನ್ಯವಾಗಿ ಸರಿ. 4 ಪಟ್ಟಿನ 960 ಗೆರೆಗೆ ಕೆಲವು ಟೀವಿಗಳು ‘ಸಿಗ್ನಲ್ ಇಲ್ಲ’ ಎನ್ನುತ್ತವೆ. 5 ಪಟ್ಟನ್ನು 1080ಕ್ಕೆ ಕತ್ತರಿಸಿದರೆ 216 ಗೆರೆ ಹಿಡಿಸುತ್ತದೆ. ಆಟದ್ದು 224, ಮೇಲೆ 4, ಕೆಳಗೆ 4 ಹೋಗುತ್ತವೆ. ಅಂಕ ತೋರಿಸುವ ಸಾಲು ತೀರಾ ಅಂಚಿನಲ್ಲಿರುವ ಆಟ ಬಿಟ್ಟರೆ ನಷ್ಟವೇನಿಲ್ಲ. ಬೋರ್ಡ್ 1.6 ಮತ್ತು ಅದರ ನಂತರದ್ದನ್ನೇ ಕೊಳ್ಳಿ, ಅವು ಧ್ವನಿಯನ್ನೂ ಎಚ್‌ಡಿಎಂಐಯಲ್ಲಿ ಕಳಿಸುತ್ತವೆ.

ಓಎಸ್‌ಎಸ್‌ಸಿಯಲ್ಲಿ ಒಂದು ಅಂಕಿ ತಪ್ಪಿದರೆ ಇಷ್ಟೆಲ್ಲ ಕೆಲಸ ವ್ಯರ್ಥ: ಒಂದು ಗೆರೆಗೆ ಎಷ್ಟು ಸ್ಯಾಂಪಲ್. ಮೆಗಾ ಡ್ರೈವಿನ ಒಂದು ಗೆರೆ ಮುಖ್ಯ ಗಡಿಯಾರದ 3420 ಮಿಡಿತ. 320 ಅಗಲದಲ್ಲಿ ಪಿಕ್ಸೆಲ್‌ಗೆ 8 ಮಿಡಿತ, ಅಂದರೆ 427.5, ಆದ್ದರಿಂದ 427 ಕೊಡಿ. 256 ಅಗಲದ ಆಟಗಳಿಗೆ 10 ಮಿಡಿತ, 342. ಆಮೇಲೆ ಸ್ಯಾಂಪ್ಲಿಂಗ್ ಫೇಸನ್ನು (ಪಿಕ್ಸೆಲ್‌ನ ಯಾವ ಕ್ಷಣದಲ್ಲಿ ಅಳೆಯಬೇಕು ಎಂಬುದನ್ನು) ಒಂದೊಂದೇ ಹೆಜ್ಜೆ ಸರಿಸುತ್ತ, 240ಪಿ ಟೆಸ್ಟ್ ಸೂಟ್ ಎಂಬ ಪರೀಕ್ಷಾ ತಂತ್ರಾಂಶದ ಸಣ್ಣ ಚೌಕುಳಿ ಚಿತ್ರದಲ್ಲಿ ಎಲ್ಲೂ ಬೂದು ಪಟ್ಟೆ ಕಾಣದ ಜಾಗದಲ್ಲಿ ನಿಲ್ಲಿಸಿ. ಪಟ್ಟೆ ಉಳಿದೇ ಇದ್ದರೆ ಸ್ಯಾಂಪಲ್ ಸಂಖ್ಯೆ ತಪ್ಪಿದೆ, ಫೇಸ್ ಅಲ್ಲ.

ರೆಟ್ರೋಟಿಂಕ್ 5ಎಕ್ಸ್ ದುಬಾರಿ, ಆದರೆ ಹೊರಡುವುದು ಪ್ರಮಾಣಿತ 1080ಪಿ ಆದ್ದರಿಂದ ಟೀವಿಯೊಂದಿಗೆ ಜಗಳ ಕಡಿಮೆ. ಪಿಎಸ್2ನಂಥ 480ಐ ಯಂತ್ರಗಳೂ ಮನೆಯಲ್ಲಿದ್ದರೆ ಅದರ ಡಿಇಂಟರ್‌ಲೇಸಿಂಗ್‌ಗೆ ಕೊಟ್ಟ ಹಣ ದಂಡವಲ್ಲ.

ಕೈ ಬಿಗಿ ಇದ್ದವರಿಗೆ ಜಿಬಿಎಸ್-8200. ಆರ್ಕೇಡ್ ಯಂತ್ರಗಳಿಗೆಂದು ಮಾಡಿದ ಅಗ್ಗದ ಬೋರ್ಡ್ ಇದು, ಒಳಗಿನ ಟ್ರೂವ್ಯೂ 5725 ಚಿಪ್ ಒಳ್ಳೆಯದು, ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್ ಕೆಟ್ಟದ್ದು. ಅದು 240ಪಿಯನ್ನೂ ಇಂಟರ್‌ಲೇಸ್ ಎಂದೇ ಓದುತ್ತದೆ. ಇಎಸ್‌ಪಿ8266 ಇರುವ ವೆಮೋಸ್ ಡಿ1 ಮಿನಿಗೆ ಜಿಬಿಎಸ್-ಕಂಟ್ರೋಲ್ ತುಂಬಿ, ಬೋರ್ಡಿನ ಮೂಲ ನಿಯಂತ್ರಕವನ್ನು ಜಂಪರ್ ಹಾಕಿ ಮಲಗಿಸಿ, ಡಿ1ನ್ನು ಎಸ್‌ಸಿಎಲ್‌ಗೆ, ಡಿ2ನ್ನು ಎಸ್‌ಡಿಎಗೆ, ಡಿ6ನ್ನು 5725ರ ಡೀಬಗ್ ಪಿನ್ನಿಗೆ ಜೋಡಿಸಬೇಕು. ಸಾಫ್ಟ್‌ವೇರ್ ತುಂಬುವ ಕೆಲಸ ಬೆಸುಗೆಗೆ ಮೊದಲೇ ಮುಗಿಸಿ, ಆಮೇಲೆ ತಪ್ಪು ಹುಡುಕುವುದು ಕಷ್ಟ. ಹೊರಡುವುದು ವಿಜಿಎ, ಹಾಗಾಗಿ ಟೀವಿಗೆ ಇನ್ನೊಂದು ವಿಜಿಎ–ಎಚ್‌ಡಿಎಂಐ ಡಬ್ಬಿ ಬೇಕು, ಅಲ್ಲಿ ಅಂಚು ಕೊಂಚ ಮೆತ್ತಗಾಗುತ್ತದೆ. ಮೂಲೆಯಲ್ಲಿ ವಿಜಿಎ ಮಾನಿಟರ್ ಧೂಳು ಹಿಡಿಯುತ್ತಿದ್ದರೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

50 ಮತ್ತು 60

ಪಾಲ್ ಮೆಗಾ ಡ್ರೈವಿನಲ್ಲಿ ನಿಜವಾಗಿ ಬೆಸುಗೆ ಹಿಡಿಯಬೇಕಾದ ಕೆಲಸ ಇದೊಂದೇ. 60 ಹರ್ಟ್ಜ್‌ಗೆ ಬರೆದ ಬಹುಪಾಲು ಆಟಗಳು 50ರಲ್ಲಿ ಸುಮಾರು ಶೇ 17ರಷ್ಟು ನಿಧಾನ ಓಡುತ್ತವೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ.

ಬೋರ್ಡಿನ ದೊಡ್ಡ ಚಿಪ್ 315-5660 ಆಗಿದ್ದರೆ ಅದರ 46ನೇ ಪಿನ್ ವೇಗ ನಿರ್ಧರಿಸುತ್ತದೆ, 107ನೇದು ಭಾಷೆ. ಪಾಲ್ ಯಂತ್ರದಲ್ಲಿ 46 ಗ್ರೌಂಡಿಗೆ ಕಟ್ಟಿರುತ್ತದೆ. ಮೊದಲು ಮೀಟರಿನಲ್ಲಿ ಅದು ಸೊನ್ನೆ ಓಮ್ ಎಂದು ಖಾತ್ರಿ ಮಾಡಿ, ಎಣಿಕೆ ತಪ್ಪಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಪಿನ್ನಿಗೆ ಫ್ಲಕ್ಸ್ ಸವರಿ, ತೆಳು ಸೂಜಿಯನ್ನು ಅಡಿಗೆ ತೂರಿಸಿ, ಬೆಸುಗೆ ಕರಗಿದ ಕ್ಷಣ ಹಗುರವಾಗಿ ಮೀಟಿ. ಸೂಜಿಯಿಂದ ಬಲ ಹಾಕಬಾರದು. ಪಿನ್ ಎರಡು ಸಲಕ್ಕಿಂತ ಹೆಚ್ಚು ಬಾಗಿದರೆ ಬುಡದಲ್ಲೇ ಮುರಿಯುತ್ತದೆ, ಆಮೇಲೆ ಚಿಪ್ಪಿನ ಮೈ ಕೆರೆದು ತಂತಿ ಅಂಟಿಸಬೇಕಾದ ಪಾಡು. ಎತ್ತಿದ ಪಿನ್ನಿನಿಂದ 30 ಗೇಜ್ ತಂತಿ ಎಳೆದು ಮೂರು ಕಾಲಿನ ಸ್ವಿಚ್ಚಿನ ನಡುಗಾಲಿಗೆ, ಒಂದು ಬದಿಗೆ 5 ವೋಲ್ಟ್ (60), ಇನ್ನೊಂದು ಬದಿಗೆ ಗ್ರೌಂಡ್ (50). ತಂತಿಗೆ ಪಿನ್ ಪಕ್ಕದಲ್ಲೇ ಒಂದು ಹನಿ ಅಂಟು ಹಾಕಿ, ಎಳೆತ ಪಿನ್ನಿನ ಮೇಲೆ ಬೀಳಕೂಡದು. ಕೆಲವು ಆಟಗಳು ಶುರುವಿನಲ್ಲೇ ಪ್ರದೇಶ ಪರೀಕ್ಷಿಸಿ ನಿಂತುಬಿಡುತ್ತವೆ. ಅಂಥವನ್ನು 50ರಲ್ಲಿ ಚಾಲೂ ಮಾಡಿ, ಪರೀಕ್ಷೆ ದಾಟಿದ ಮೇಲೆ 60ಕ್ಕೆ ಹೊರಳಿಸಿದರಾಯಿತು.

ಸ್ವಿಚ್ ಹಾಕಿದರೂ ಗಡಿಯಾರ ಪಾಲ್‌ನದೇ. ಆದ್ದರಿಂದ ಅಮೆರಿಕದ ಯಂತ್ರದ 59.92 ಬದಲು 59.38 ಹರ್ಟ್ಜ್ ಬರುತ್ತದೆ. ಓಎಸ್‌ಎಸ್‌ಸಿ ಜೊತೆ ಟೀವಿ ಆಗಾಗ ಕಪ್ಪಾದರೆ ಈ ಅಂಕಿಯನ್ನು ಶಂಕಿಸಿ, 2 ಪಟ್ಟಿಗೆ ಇಳಿಸಿ ನೋಡಿ. ಬಣ್ಣದ ಚಿಂತೆ ಬೇಡ, ಆರ್‌ಜಿಬಿಯಲ್ಲಿ ವಾಹಕವೇ ಇಲ್ಲ.

ಏನು ಕೆಡುತ್ತದೆ

ಚಿತ್ರದಲ್ಲಿ ನಿಧಾನವಾಗಿ ಮೇಲೇರುವ ಅಡ್ಡಪಟ್ಟಿ ಕಂಡರೆ ಕೇಬಲ್ ಬಿಚ್ಚಬೇಡಿ, ಅಡಾಪ್ಟರ್ ನೋಡಿ. ಮೆಗಾ ಡ್ರೈವ್ 2ಕ್ಕೆ 10 ವೋಲ್ಟ್ 0.85 ಆಂಪಿಯರ್, ನಡುಗಡ್ಡಿ ಪಾಸಿಟಿವ್. ಮೊದಲ ಮೆಗಾ ಡ್ರೈವಿನದು 9 ವೋಲ್ಟ್, ನಡುಗಡ್ಡಿ ನೆಗೆಟಿವ್, ಪ್ಲಗ್ಗೂ ಬೇರೆ. ಪ್ಲಗ್ ಕತ್ತರಿಸಿ ಜೋಡಿಸುವವರು ಇಲ್ಲೇ ಎಡವುವುದು. ಒಳ್ಳೆಯ 9 ವೋಲ್ಟ್ 1 ಆಂಪಿಯರ್ ಎಸ್‌ಎಂಪಿಎಸ್ ಅಡಾಪ್ಟರ್ ಹಾಕಿದರೆ ಒಳಗಿನ 7805 (5 ವೋಲ್ಟ್ ಮಾಡಿಕೊಡುವ ರೆಗ್ಯುಲೇಟರ್) ತಣ್ಣಗಿರುತ್ತದೆ. 7805ಕ್ಕೆ ಕನಿಷ್ಠ 2 ವೋಲ್ಟ್ ಅಂತರ ಬೇಕು, ಹಾಗಾಗಿ 7.5ಕ್ಕಿಂತ ಕೆಳಗೆ ಇಳಿಯಬೇಡಿ. ಅಡಾಪ್ಟರ್ ಬದಲಿಸಿದರೂ ಪಟ್ಟಿ ಹೋಗದಿದ್ದರೆ ಮೂವತ್ತು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್‌ಗಳ ಸರದಿ, ಮೊದಲು 7805ರ ಅಕ್ಕಪಕ್ಕದವು.

ಒಂದು ಬಣ್ಣ ಪೂರ್ತಿ ಇಲ್ಲವಾದರೆ ತಂತಿ. ಒಂದು ಬಣ್ಣ ಬಂದು ನಿಮಿಷಗಳಲ್ಲಿ ಮಂಕಾದರೆ ಆ ಕೆಪ್ಯಾಸಿಟರ್ ತಿರುಗುಮುರುಗು. ಚಿತ್ರ ಉರುಳಿದರೆ ಸಿಂಕ್, ಸ್ಕಾರ್ಟಿನ 19 ಮತ್ತು 20 ಅದಲುಬದಲಾಗಿದೆಯೇ ನೋಡಿ. ಬಿಳಿ ಕಣ್ಣು ಕುಕ್ಕಿ ಮೋಡದ ಒಳವಿವರ ಮಾಯವಾದರೆ 75 ಓಮ್ ಎಲ್ಲೋ ತಪ್ಪಿ ಮಟ್ಟ ಇಮ್ಮಡಿಯಾಗಿದೆ. ಪೂರ್ಣ ಬಿಳಿಗೆ ಸ್ಕೇಲರಿನ ತುದಿಯಲ್ಲಿ 0.7 ವೋಲ್ಟ್ ಇರಬೇಕು, ಆಸಿಲೋಸ್ಕೋಪ್ ಇದ್ದರೆ ನೋಡಿ.

ಬರಿ ಬಣ್ಣದ ಹಿನ್ನೆಲೆಯಲ್ಲಿ ಜೈಲಿನ ಸರಳುಗಳಂತೆ ಉದ್ದಗೆರೆ ಮಸುಕಾಗಿ ಕಾಣುವುದು ಮಾತ್ರ ಕೇಬಲ್ ತಪ್ಪಲ್ಲ. ವಿಡಿಪಿಯಿಂದ ಎನ್‌ಕೋಡರ್‌ಗೆ ಹೋಗುವ ದಾರಿಯಲ್ಲಿ ಗಡಿಯಾರದ ಗದ್ದಲ ಸೇರುತ್ತದೆ. ಬೋರ್ಡ್ ಆವೃತ್ತಿಗೆ ತಕ್ಕಂತೆ ಇದು ಹೆಚ್ಚುಕಡಿಮೆ. ಇದನ್ನು ಸಹಿಸದವರು ಮಾತ್ರ ಟಿಎಚ್‌ಎಸ್7374ರಂಥ ನಾಲ್ಕು ಚಾನಲ್ ವಿಡಿಯೋ ಆಂಪ್ಲಿಫೈಯರ್ ಕೂರಿಸಿ, ಸಿಗ್ನಲನ್ನು ವಿಡಿಪಿ ಪಕ್ಕದಲ್ಲೇ ಎತ್ತಿ, ಎನ್‌ಕೋಡರ್ ತಪ್ಪಿಸಿ ಹೊರಗೆ ತರಬೇಕು. ಅದು ಸಿಗ್ನಲನ್ನು ಎರಡರಷ್ಟು ಮಾಡುತ್ತದೆ, 75 ಓಮ್ ಜೋಡಿ ಮತ್ತೆ ಅರ್ಧಕ್ಕೆ ಇಳಿಸುತ್ತದೆ. ಆದ್ದರಿಂದ ಒಳಹೋಗುವ ಮಟ್ಟವೂ 0.7 ಇರಬೇಕು, ಅಳೆಯದೆ ರೆಸಿಸ್ಟರ್ ಆರಿಸಬೇಡಿ. ತಂತಿ ಬೆರಳುದ್ದ ಮೀರಿದರೆ ಹೊಸ ಗದ್ದಲ ಸೇರಿ ಮೊದಲಿಗಿಂತ ಕೆಡುತ್ತದೆ. ಚಿಪ್ಪಿನ ವಿದ್ಯುತ್ ಪಿನ್ ಪಕ್ಕ 0.1 ಮೈಕ್ರೋಫ್ಯಾರಡ್ ಮರೆಯಬಾರದು.

ಚಿತ್ರ ಚೊಕ್ಕವಾದ ಮೇಲೆ ಒಂದು ದೂರು ಖಂಡಿತ ಬರುತ್ತದೆ: 1991ರ ಸೋನಿಕ್‌ನ ಜಲಪಾತ ಮೊದಲು ನೀರಿನಂತೆ ಪಾರದರ್ಶಕವಾಗಿತ್ತು, ಈಗ ಬರಿ ಉದ್ದಗೆರೆ. ಅದು ದೋಷವಲ್ಲ. ಕಲಾವಿದರು ಕಂಪೋಸಿಟ್‌ನ ಕಲಸುವಿಕೆಯನ್ನೇ ನೆಚ್ಚಿ ಹಾಗೆ ಬಿಡಿಸಿದ್ದರು. ಬೇಕೆನಿಸಿದರೆ ಆ ಆಟಕ್ಕೆ ಕಂಪೋಸಿಟನ್ನೇ ಸ್ಕೇಲರಿಗೆ ಕೊಡಿ.

ಬೇರೆ ಯಂತ್ರಗಳು

ಪ್ಲೇಸ್ಟೇಷನ್ 1, 2 ಎರಡರ ಕಿಂಡಿಯಲ್ಲೂ ಆರ್‌ಜಿಬಿ ಇದೆ, ಬಿಚ್ಚುವುದೇ ಬೇಡ. ಪಿಎಸ್2ಕ್ಕೆ ಕಾಂಪೊನೆಂಟ್ ಕೇಬಲ್ ಸಾಕು, ಮೆನುವಿನಲ್ಲಿ ಆರ್‌ಜಿಬಿಯಿಂದ ಕಾಂಪೊನೆಂಟಿಗೆ ಬದಲಿಸಿ. ಅದರಲ್ಲಿ ಪಿಎಸ್1 ಆಟ ಹಾಕಿದಾಗ 240ಪಿ ಬರುವುದರಿಂದ ಕೆಲವು ಟೀವಿ ಕಪ್ಪಾಗುತ್ತವೆ, ಕೇಬಲ್ ಕೆಟ್ಟಿತೆಂದು ಎಸೆಯಬೇಡಿ. ಗೇಮ್‌ಕ್ಯೂಬಿನ ಡಿಒಎಲ್-001 ಮಾದರಿಗೆ ಹಿಂದೆ ಡಿಜಿಟಲ್ ಕಿಂಡಿಯೇ ಇದೆ, ಅಲ್ಲಿ ಸಿಕ್ಕಿಸುವ ಎಚ್‌ಡಿಎಂಐ ಅಡಾಪ್ಟರ್ ಸಾಕು. ಒಳಗಿನ ಎಚ್‌ಡಿಎಂಐ ಬೋರ್ಡಿಗೆ ನಿಜವಾದ ಅರ್ಥವಿರುವುದು ನಿಂಟೆಂಡೊ 64ರಲ್ಲಿ. ಅದರ ಹಲವು ಬೋರ್ಡುಗಳಲ್ಲಿ ಅನಲಾಗ್ ಆರ್‌ಜಿಬಿ ಎಲ್ಲೂ ಸಿಗದು, ಚಿತ್ರ ಅಂಕಿಯ ರೂಪದಲ್ಲಿ ಹರಿಯುವ ಜಾಗದಿಂದಲೇ ಎತ್ತಬೇಕು.

ನಮ್ಮ ಊರುಗಳಲ್ಲಿ ‘ಟೀವಿ ವಿಡಿಯೋ ಗೇಮ್’ ಎಂದೇ ಮಾರಾಟವಾದ ಫ್ಯಾಮಿಕಾಮ್ (ನಿಂಟೆಂಡೊದ 8 ಬಿಟ್ ಕನ್ಸೋಲ್) ನಕಲುಗಳ ವಿಷಯ ಬೇರೆ. ಚಿತ್ರ ಬಿಡಿಸುವ ನಿಂಟೆಂಡೊದ ಅಸಲಿ ಪಿಪಿಯು ಚಿಪ್ಪೇ ಕಂಪೋಸಿಟನ್ನು ನೇರ ಹುಟ್ಟಿಸುತ್ತದೆ, ಒಳಗೆ ಆರ್‌ಜಿಬಿ ಎಂಬುದೇ ಇಲ್ಲ. ಅಸಲಿಯಲ್ಲಿ 40 ಕಾಲಿನ ಆ ಚಿಪ್ ಕಿತ್ತು ಎನ್‌ಇಎಸ್‌ಆರ್‌ಜಿಬಿ ಬೋರ್ಡ್ ಕೂರಿಸಬಹುದು. ನಕಲಿಯಲ್ಲಿ ಎಲ್ಲವೂ ಒಂದೇ ಕಪ್ಪು ಅಂಟಿನ ಬೊಟ್ಟಿನಡಿ ಇರುತ್ತದೆ, ಕೀಳಲು ಏನೂ ಇಲ್ಲ. ಆಂಟೆನಾ ತಂತಿಯದ್ದಾದರೆ ಆರ್‌ಎಫ್ ಡಬ್ಬಿಗೆ ಹೋಗುವ ಮೊದಲೇ ಕಂಪೋಸಿಟ್ ಎತ್ತಿ, ಬಿಸಿ557 ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ. ಕಲೆಕ್ಟರ್ ಗ್ರೌಂಡಿಗೆ, ಎಮಿಟರ್ 300 ಓಮ್ ಮೂಲಕ 5 ವೋಲ್ಟಿಗೆ, ಎಮಿಟರಿನಿಂದಲೇ 75 ಓಮ್ ಮತ್ತು 220 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾದು ಹಳದಿ ಕಿಂಡಿಗೆ. ಡಬ್ಬಿಗೆ ಹೋಗುವ 5 ವೋಲ್ಟ್ ಮತ್ತು ಸಿಗ್ನಲ್ ಎರಡನ್ನೂ ಕಡಿದುಹಾಕಿ. ಅದು ಚಾಲೂ ಇದ್ದಷ್ಟು ಕಾಲ ಚಿತ್ರದಲ್ಲಿ ಹೆರಿಂಗ್ ಮೀನಿನ ಮುಳ್ಳಿನಂಥ ಓರೆಗೆರೆ ಓಡುತ್ತಲೇ ಇರುತ್ತದೆ.